ಮಾರುವವರೇ ಉಳಿಯದ ಸಿನಗಾಗ್‌ಗಳು

ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗನ್ನು ಮಾರಬಹುದೇ? ಯಹೂದಿಗಳ ಧರ್ಮಶಾಸ್ತ್ರ ಗ್ರಂಥವಾದ ಮಿಶ್ನಾ ಸುಮಾರು 1,800 ವರ್ಷಗಳ ಹಿಂದೆಯೇ ಈ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಮಾರಬಹುದು ಎಂಬುದು ಅಲ್ಲಿನ ಪಂಡಿತರ ಅಭಿಪ್ರಾಯ. ಆದರೆ ನಾಲ್ಕು ಬಳಕೆಗಳು ಕೂಡದು. ಸ್ನಾನಗೃಹ, ಚರ್ಮ ಹದಮಾಡುವ ಜಾಗ ಆ ನಾಲ್ಕರಲ್ಲಿ ಸೇರಿವೆ. ಅಂದರೆ ಆ ಪರಂಪರೆಗೆ ಕಟ್ಟಡದ ಮರುಬಳಕೆ ಪಾಪವಲ್ಲ, ಅದರ ಮಾನ ಕಳೆಯುವುದು ಪಾಪ.

ಪೋಲೆಂಡಿನ ಪೋಜ್ನಾನ್ ನಗರದಲ್ಲಿ ಆದದ್ದು ಇದೇ. 1907ರಲ್ಲಿ ಪ್ರಾರ್ಥನೆಗೆ ತೆರೆದ ಅಲ್ಲಿನ ಭವ್ಯ ಸಿನಗಾಗನ್ನು ನಾಜಿ ಆಡಳಿತ 1940ರಲ್ಲಿ ವಶಪಡಿಸಿಕೊಂಡು, ಗುಮ್ಮಟ ತೆಗೆಸಿ, ಒಳಗೆ ಈಜುಕೊಳ ಕಟ್ಟಿಸಿತು. ಕೊಲ್ಲಲು ಬಂದವರು ಮಾನ ಉಳಿಸುತ್ತಾರೆಂದು ಯಾರೂ ಎಣಿಸಿರಲಾರರು. ನನ್ನನ್ನು ಕಾಡುವುದು ಅನಂತರದ ವರ್ಷಗಳು. ಯುದ್ಧ ಮುಗಿಯಿತು, ನಾಜಿಗಳು ಹೋದರು, ಕೊಳ ಮಾತ್ರ ಉಳಿಯಿತು. 2011ರವರೆಗೂ ಊರಿನವರು ಅಲ್ಲಿ ಈಜುತ್ತಿದ್ದರು.

ಎರಡನೇ ಮಹಾಯುದ್ಧಕ್ಕೆ ಮುಂಚೆ ಯುರೋಪಿನಲ್ಲಿ ಸುಮಾರು 17,000 ಸಿನಗಾಗ್‌ಗಳಿದ್ದುವೆಂದು ಅಂದಾಜು. ಇಂದು ಉಳಿದಿರುವ ಐತಿಹಾಸಿಕ ಕಟ್ಟಡಗಳು ಸುಮಾರು 3,300. ಅವುಗಳ ಕಾಲುಭಾಗದಲ್ಲೂ ಈಗ ಪ್ರಾರ್ಥನೆ ನಡೆಯುವುದಿಲ್ಲ. ಮಿಶ್ನಾ ನಿಯಮ ಮಾಡಿದಾಗ ಮಾರುವ ಸಮುದಾಯವೊಂದು ಇದ್ದೇ ಇರುತ್ತದೆ ಎಂದುಕೊಂಡಿತ್ತು. ಕೂತು ಚರ್ಚಿಸಿ, ಬೆಲೆಗೆ ಒಪ್ಪಿ, ತಮ್ಮ ಧರ್ಮಗ್ರಂಥ ತೋರಾದ ಸುರುಳಿಗಳನ್ನು ಎತ್ತಿಕೊಂಡು ಹೊರಡುವ ಜನ. ಇಲ್ಲಿ ಎಷ್ಟೋ ಊರುಗಳಲ್ಲಿ ಆ ಜನವನ್ನೇ ಕೊಂದುಹಾಕಲಾಗಿತ್ತು. ಹಾಗಾಗಿ ಇಂಥ ಕಟ್ಟಡದ ಹೊಸ ಬಳಕೆಯನ್ನು ತೂಗುವಾಗ ನಾನು ಮೊದಲು ಕೇಳುವುದು ಇಷ್ಟೇ: ಇಲ್ಲಿದ್ದವರು ಏನಾದರು ಎಂಬುದು ಒಳಗೆ ಕಾಲಿಟ್ಟವರಿಗೆ ತಿಳಿಯುತ್ತದೆಯೇ?

ಜರ್ಮನಿಯ ಎಸ್ಸೆನ್ ಈ ಪ್ರಶ್ನೆಗೆ ಬಹುಕಾಲ ಬೆನ್ನು ಹಾಕಿತ್ತು. ವಾಸ್ತುಶಿಲ್ಪಿ ಎಡ್ಮಂಡ್ ಕೊರ್ನರ್ ಕಟ್ಟಿದ, 1913ರಲ್ಲಿ ತೆರೆದ ಅಲ್ಲಿನ ಕಲ್ಲಿನ ಸಿನಗಾಗ್ 1938ರ ನವೆಂಬರ್‌ನಲ್ಲಿ ನಾಜಿಗಳು ಹಚ್ಚಿದ ಬೆಂಕಿಯಲ್ಲಿ ಒಳಗೆಲ್ಲ ಸುಟ್ಟರೂ ಹೊರಗೋಡೆ ಬೀಳಲಿಲ್ಲ. ಬಾಂಬ್ ದಾಳಿಗಳಿಗೂ ಜಗ್ಗಲಿಲ್ಲ. 1961ರಲ್ಲಿ ನಗರ ಅದರೊಳಗೆ ಕೈಗಾರಿಕಾ ವಿನ್ಯಾಸದ ಪ್ರದರ್ಶನಾಲಯ ತೆರೆಯಿತು. ಅದಕ್ಕಾಗಿ ಒಳಾಂಗಣದ ರೂಪವನ್ನೇ ಬದಲಿಸಿದರು. ಮಿಶ್ನಾದ ನಿಷೇಧದಲ್ಲಿ ಪ್ರದರ್ಶನಾಲಯವಿಲ್ಲ, ನಿಜ. ಆದರೂ ಮರೆಸುವ ಕೆಲಸದಲ್ಲಿ ಅದು ಪೋಜ್ನಾನಿನ ಕೊಳಕ್ಕೆ ಕಡಿಮೆಯಿರಲಿಲ್ಲ. ಬೆಂಕಿ ಉಳಿಸಿದ್ದನ್ನು ನವೀಕರಣ ಅಳಿಸಿತು. 1979ರಲ್ಲಿ ಪ್ರದರ್ಶನಾಲಯಕ್ಕೇ ಬೆಂಕಿ ಬಿದ್ದ ಮೇಲೆ, 1980ರಲ್ಲಿ ಅದು ಸ್ಮಾರಕವಾಯಿತು. 2010ರಿಂದ ಯಹೂದಿ ಸಂಸ್ಕೃತಿಯ ಕೇಂದ್ರ. ಸಾವನ್ನಷ್ಟೇ ಅಲ್ಲದೆ ಯಹೂದಿಗಳ ಬದುಕನ್ನೂ ತೋರಿಸುವ ಈ ಕೊನೆಯ ಹೆಜ್ಜೆ ನನಗೆ ಎಲ್ಲಕ್ಕಿಂತ ಸರಿಯೆನಿಸುತ್ತದೆ.

ಸ್ಲೊವಾಕಿಯಾದ ಟ್ರ್ನಾವಾದಲ್ಲಿ ಎರಡು ಸಿನಗಾಗ್‌ಗಳಿವೆ. ಒಂದರಲ್ಲಿ ಸಮಕಾಲೀನ ಕಲೆಯ ಗ್ಯಾಲರಿ. ದುರಸ್ತಿ ಮಾಡಿದವರು ಗೋಡೆಯ ಗಾಯಗಳನ್ನು ಹಾಗೇ ಕಾಣಬಿಟ್ಟಿದ್ದಾರೆ. ಇನ್ನೊಂದು 2016ರಿಂದ ಕಾಫಿ ಹೌಸ್. ಕಾಫಿ ಮಾರುವುದೇ ತಪ್ಪೆಂದು ನಾನು ಹೇಳಲಾರೆ, ಪಾಳುಬಿದ್ದು ಕುಸಿಯುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ 'ಸಿನಗಾಗ್' ಎಂಬುದು ಅಂಗಡಿಯ ಬೋರ್ಡಿನ ಮೇಲಿನ ಬರೀ ಚೆಂದದ ಹೆಸರಾಗಿಬಿಡುವ ಅಪಾಯ ಅಲ್ಲಿ ಇದ್ದೇ ಇದೆ.

ನನ್ನ ಮನಸ್ಸು ಒಪ್ಪುವುದು ಪೋಲೆಂಡ್-ಲಿಥುವೇನಿಯಾ ಗಡಿಯ ಸೇಯ್ನಿ ಎಂಬ ಪುಟ್ಟ ಊರಿನ ಬಿಳಿ ಸಿನಗಾಗನ್ನು. ಯುದ್ಧಾನಂತರ ಗೋದಾಮಾಗಿದ್ದ ಅದನ್ನು ಜೀರ್ಣೋದ್ಧಾರದ ಬಳಿಕ ಬಾರ್ಡರ್‌ಲ್ಯಾಂಡ್ ಫೌಂಡೇಶನ್ ನಡೆಸುತ್ತಿದೆ. ಊರಿನ ಹುಡುಗ ಹುಡುಗಿಯರು ಅಲ್ಲಿ ಯಹೂದಿಗಳ ಕ್ಲೆಜ್ಮರ್ ಸಂಗೀತ ಕಲಿತು ನುಡಿಸುತ್ತಾರೆ. ಯಹೂದಿಗಳಿಲ್ಲದ ಊರಿನಲ್ಲಿ ಅವರ ಸಂಗೀತವನ್ನು ಬೇರೆಯವರು ನುಡಿಸುವುದಕ್ಕೆ ಆಕ್ಷೇಪಗಳಿವೆ, ಅವು ಹುಸಿಯಲ್ಲ; ಕ್ರಾಕೊವ್‌ನಲ್ಲಿ ಪ್ರವಾಸಿಗರ ಊಟದ ಜೊತೆ ಅದೇ ಸಂಗೀತ ಬಿಕರಿಯಾಗುತ್ತದೆ. ಸೇಯ್ನಿಯ ಮಕ್ಕಳಾದರೋ ತಮ್ಮದೇ ಬೀದಿಗಳಲ್ಲಿ ಹಿಂದೆ ಯಾರು ಬಾಳಿದ್ದರು ಎಂಬುದನ್ನೂ ಆ ಸಂಗೀತದೊಡನೆ ಕಲಿಯುತ್ತಾರೆ.