‘ಬಿಗ್ ಬ್ರೇಕ್’ ಸ್ಪರ್ಧೆಯೂ ಅದರ ಪ್ರೇಕ್ಷಕರೂ: ಒಂದು ವಿವೇಚನೆ

ವಿಮರ್ಶೆಯೆಂಬುದು ಗ್ರಂಥಗಳನ್ನು ಕುರಿತು ವಿದ್ವಾಂಸರು ನಡೆಸುವ ವ್ಯವಸಾಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಹಲವರು ಕೂಡಿ ಒಂದನ್ನು ನೋಡಿ, ಅದನ್ನು ಕುರಿತು ತಮ್ಮ ತಮ್ಮಲ್ಲಿ ವಾದಿಸಿ, ಇವನು ಗಟ್ಟಿ, ಅವನು ಜೊಳ್ಳು ಎಂದು ತೀರ್ಪು ಕೊಡುವಲ್ಲೆಲ್ಲ ವಿಮರ್ಶೆಯ ಬೀಜವಿದ್ದೇ ಇರುತ್ತದೆ. ಅಂಥ ತೀರ್ಪಿನ ಹಿಂದೆ ಒಂದು ಅಳತೆಗೋಲು ಇರುತ್ತದೆ. ಅದನ್ನು ಹಿಡಿದವರಿಗೆ ಎಷ್ಟೋ ವೇಳೆ ಅದರ ಅರಿವಿರುವುದಿಲ್ಲ. ಅಮೆರಿಕದ ‘ಗಾಲ್ಫ್ ಚಾನೆಲ್’ 2003ರಿಂದ 2015ರವರೆಗೆ ಸರಣಿಯ ಮೇಲೆ ಸರಣಿಯಾಗಿ ಪ್ರಸಾರ ಮಾಡಿದ ‘ಬಿಗ್ ಬ್ರೇಕ್’ ಎಂಬ ಸ್ಪರ್ಧೆಯನ್ನೂ, ಅದರ ಅಭಿಮಾನಿಗಳು ಸ್ಪರ್ಧಿಗಳನ್ನು ಕುರಿತು ಆಡಿದ ಮಾತಿನ ಸ್ವರೂಪವನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಾಲ್ಫ್ ನಮ್ಮ ಜನಸಾಮಾನ್ಯರ ಆಟವಲ್ಲ, ಅದರ ಪ್ರಸ್ತಾಪ ಈ ಪತ್ರಿಕೆಯಲ್ಲೇಕೆ ಎಂದು ಕೆಲವರಿಗೆ ತೋರಬಹುದು. 2021ರ ಆಗಸ್ಟ್ 7ರ ಬೆಳಗನ್ನು ಅವರು ನೆನಪಿಸಿಕೊಳ್ಳಬೇಕು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿ ನಿಂತಿದ್ದ ಆ ದಿನ, ಆಟದ ಪರಿಭಾಷೆಯನ್ನೇ ಅರಿಯದ ಎಷ್ಟೋ ಮನೆಗಳಲ್ಲಿ ಒಂದೊಂದು ಹೊಡೆತವನ್ನೂ ಕುರಿತು ಚರ್ಚೆ ನಡೆಯಿತು. ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯ ಸ್ಥಾನ ದೊರೆತಾಗ ಆಕೆಯ ಸ್ಥೈರ್ಯವನ್ನು ಕೊಂಡಾಡಿದೆವು. ಆಟವನ್ನು ಅರಿಯುವುದಕ್ಕೆ ಮುನ್ನವೇ ಆಟಗಾರನ ಗುಣವನ್ನು ಕುರಿತು ತೀರ್ಪು ಕೊಡುವ ಈ ಪ್ರವೃತ್ತಿ ಆದಕಾರಣ ನಮಗೆ ಪರಕೀಯವಲ್ಲ.

‘ಬಿಗ್ ಬ್ರೇಕ್’ ಎಂದರೆ ಬಾಳಿನ ದೊಡ್ಡ ಅವಕಾಶ. ಉನ್ನತ ಶ್ರೇಣಿಯ ಪಂದ್ಯಗಳಿಗೆ ಇನ್ನೂ ಕಾಲಿಡಲಾರದೆ ಹೆಣಗುತ್ತಿದ್ದ ಆಟಗಾರರನ್ನು ಆಯ್ದು, ಒಂದೆಡೆ ಇರಿಸಿ, ಬಗೆಬಗೆಯ ಪರೀಕ್ಷೆಗಳಿಗೆ ಒಡ್ಡಿ, ಒಬ್ಬೊಬ್ಬರನ್ನಾಗಿ ಹೊರಕ್ಕೆ ಕಳುಹಿಸುತ್ತ ಹೋಗುವುದು ಇದರ ಕ್ರಮ. ಮೊದಲ ಸರಣಿ ಮಿಷಿಗನ್ ರಾಜ್ಯದ ಟ್ರೀಟಾಪ್ಸ್ ಎಂಬಲ್ಲಿ ನಡೆಯಿತು. ಅದನ್ನು ಗೆದ್ದ ಜಸ್ಟಿನ್ ಪೀಟರ್ಸ್‌ಗೆ ಕೆನಡಾದ ವೃತ್ತಿಪರ ಪಂದ್ಯಮಾಲೆಯ ಕೆಲವು ಪಂದ್ಯಗಳಲ್ಲಿ ಆಡುವ ಅವಕಾಶ ದೊರೆಯಿತು. ದೂರದಲ್ಲಿ ನಿಲ್ಲಿಸಿದ ಗಾಜಿನ ಹಲಗೆಗಳನ್ನು ಚೆಂಡಿನಿಂದ ಒಡೆಯುವುದು, ಎದುರಿಗೇ ಎತ್ತಿ ನಿಲ್ಲಿಸಿದ ಗೋಡೆಯ ಮೇಲಿನಿಂದ ಚೆಂಡನ್ನು ಹಾರಿಸುವುದು ಮುಂತಾದ ಪರೀಕ್ಷೆಗಳು ಈ ಕಾರ್ಯಕ್ರಮದ ಗುರುತಾಗಿದ್ದುವು. ಗಾಜು ಒಡೆದರೆ ಸದ್ದಾಗುತ್ತದೆ; ಗಾಲ್ಫ್ ಅರಿಯದವನಿಗೂ ಗೆಲುವು ತಿಳಿಯುತ್ತದೆ. ದೂರದರ್ಶನಕ್ಕೆ ಬೇಕಾದುದೂ ಅದೇ.

ಸ್ಪರ್ಧಿಗಳ ಪಾಲಿಗೆ ಇದು ಬರಿಯ ವಿನೋದವಾಗಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ವೃತ್ತಿಪರ ಗಾಲ್ಫ್ ಆಟಗಾರನಿಗೆ ತಿಂಗಳ ಸಂಬಳವಿಲ್ಲ. ಕೆಳಗಿನ ಶ್ರೇಣಿಗಳಲ್ಲಿ ಪ್ರವೇಶಶುಲ್ಕ, ಪ್ರಯಾಣ, ವಸತಿಗಳ ಖರ್ಚು ಅವನದೇ. ನಾಲ್ಕು ದಿನಗಳ ಪಂದ್ಯದಲ್ಲಿ ಎರಡು ದಿನಗಳ ಆಟ ಮುಗಿದ ಮೇಲೆ ಹಿಂದುಳಿದವರನ್ನು ಕೈಬಿಡುವುದು ಸಾಮಾನ್ಯ ಪದ್ಧತಿ. ಹಾಗೆ ಹೊರಬಿದ್ದವನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಇಂಥವನ ಕೈತಪ್ಪಿದ ಒಂದು ಹೊಡೆತವನ್ನು ಪ್ರೇಕ್ಷಕರು ಸಂಜೆಯ ಹರಟೆಯ ವಸ್ತುವಾಗಿ ಮಾಡಿಕೊಂಡಾಗ, ಆ ಹರಟೆಯ ಇನ್ನೊಂದು ತುದಿಯಲ್ಲಿ ಒಂದು ಜೀವನೋಪಾಯವಿತ್ತು.

ಅಭಿಮಾನಿಗಳ ಮಾತನ್ನು ವಿಶ್ಲೇಷಿಸಿದರೆ ಅದರಲ್ಲಿ ಮೂರು ಎಳೆಗಳು ಕಾಣುತ್ತವೆ. ಹೊಡೆತವನ್ನು ಕುರಿತ ಮಾತು ಮೊದಲನೆಯದು: ಯಾರ ಬೀಸು ಸುಭಗ, ಯಾರ ಕೈ ಒತ್ತಡದಲ್ಲಿ ನಡುಗುತ್ತದೆ ಎಂಬಂಥದು. ಸ್ಪರ್ಧಿಯ ಶೀಲವನ್ನು ಕುರಿತ ಮಾತು ಎರಡನೆಯದು: ಈಕೆಗೆ ಗರ್ವ, ಈತ ಸರಳ, ಇವನಿಗೆ ಹೊಟ್ಟೆಕಿಚ್ಚು ಎಂಬಂಥದು. ಕಾರ್ಯಕ್ರಮದ ರಚನೆಯನ್ನು ಕುರಿತ ಮಾತು ಮೂರನೆಯದು: ಯಾರನ್ನು ಹೆಚ್ಚು ತೋರಿಸಿದರು, ಯಾವುದನ್ನು ಕತ್ತರಿಸಿದರು ಎಂಬಂಥದು. ಈ ಮೂರಕ್ಕೂ ಸಮಾನವಾದ ಪ್ರಾಮಾಣ್ಯವಿಲ್ಲವೆಂಬುದೇ ನನ್ನ ಮುಖ್ಯ ಪ್ರತಿಪಾದನೆ.

ಮೊದಲನೆಯ ಎಳೆಯನ್ನು ತೆಗೆದುಕೊಳ್ಳೋಣ. ಹೊಡೆತ ಎಲ್ಲರ ಕಣ್ಣೆದುರಿಗೆ ನಡೆಯುವಂಥದು; ಚೆಂಡು ಎಲ್ಲಿ ಬಿದ್ದಿತೆಂಬುದರಲ್ಲಿ ವಿವಾದಕ್ಕೆ ಆಸ್ಪದವಿಲ್ಲ. ಆದ್ದರಿಂದ ಇದರ ಮೇಲೆ ತೀರ್ಪು ಕೊಡಲು ಪ್ರೇಕ್ಷಕನಿಗೆ ಅಧಿಕಾರವುಂಟು. ಆದರೆ ಅಧಿಕಾರವಿದ್ದ ಮಾತ್ರಕ್ಕೆ ತೀರ್ಪು ಸರಿಯಾಗಬೇಕೆಂದಿಲ್ಲ. ದಕ್ಷಿಣ ಕೆರೊಲಿನಾದ ಟಾಮಿ ಗೇನಿಯ ಉದಾಹರಣೆಯನ್ನು ನೋಡಬಹುದು. ನೀರು ಕಾಯಿಸುವ ಯಂತ್ರಗಳ ಕಾರ್ಖಾನೆಯಲ್ಲಿ ದುಡಿದಿದ್ದ ಈತ ಎರಡು ಕೈಗಳಿಗೂ ಕೈಚೀಲ ತೊಟ್ಟು ಆಡುತ್ತಿದ್ದ. ಗಾಲ್ಫ್ ಆಡುವವರು ಸಾಮಾನ್ಯವಾಗಿ ಒಂದೇ ಕೈಗೆ ತೊಡುತ್ತಾರೆ. ಬೇಸ್‌ಬಾಲ್ ಆಟದಿಂದ ಬಂದ ಅಭ್ಯಾಸ ಈತನಿಗೆ ಉಳಿದುಬಂದಿತ್ತು. ಬೀಸು ಯಾವ ಶಿಕ್ಷಕನೂ ಕಲಿಸುವಂಥದಲ್ಲ. 2005ರ ನಾಲ್ಕನೆಯ ಸರಣಿಯಲ್ಲಿ ಈತ ಗೆಲ್ಲಲಿಲ್ಲ. ಏಳನೆಯ ಸರಣಿಯಲ್ಲಿ ಮತ್ತೆ ಬಂದು ಗೆದ್ದ. ಅನಂತರ 2012ರ ಅಕ್ಟೋಬರ್‌ನಲ್ಲಿ ಜಾರ್ಜಿಯಾದ ಸೀ ಐಲೆಂಡಿನಲ್ಲಿ ನಡೆದ ಮೆಕ್‌ಗ್ಲಾಡ್ರಿ ಕ್ಲಾಸಿಕ್ ಪಂದ್ಯದ ಕೊನೆಯ ದಿನ, ಏಳು ಹೊಡೆತಗಳಷ್ಟು ಹಿಂದಿದ್ದವನು 60 ಹೊಡೆತಗಳಲ್ಲಿ ಸುತ್ತು ಮುಗಿಸಿ ಪಿ.ಜಿ.ಎ. ಟೂರಿನ ಪ್ರಶಸ್ತಿಯನ್ನು ಪಡೆದ. ಅಂದವಿಲ್ಲದ ಬೀಸು ಚೆಂಡನ್ನು ಅಂದವಾಗಿಯೇ ಕುಳಿಗೆ ಸೇರಿಸಿತು. ಛಂದಸ್ಸಿನ ಲಕ್ಷಣಗಳಿಗೆ ಒಗ್ಗದ ಪದ್ಯವನ್ನು ಕಾವ್ಯವೇ ಅಲ್ಲವೆನ್ನುವ ಲಾಕ್ಷಣಿಕನ ತಪ್ಪೂ, ಬೀಸನ್ನು ಮಾತ್ರ ನೋಡಿ ಆಟಗಾರನನ್ನು ಅಳೆಯುವ ಪ್ರೇಕ್ಷಕನ ತಪ್ಪೂ ಒಂದೇ ಜಾತಿಯವು.

ಇನ್ನೊಂದು ಉದಾಹರಣೆ ಟೋನಿ ಫಿನಾವ್. ಸಾಲ್ಟ್ ಲೇಕ್ ನಗರದಲ್ಲಿ ಟೋಂಗಾ ಮತ್ತು ಸಮೋವಾ ಮೂಲದ ಕುಟುಂಬದಲ್ಲಿ ಹುಟ್ಟಿ, ಮನೆಯ ಗ್ಯಾರೇಜಿನಲ್ಲಿ ತೂಗುಹಾಕಿದ ಹಾಸಿಗೆಗೆ ಚೆಂಡು ಹೊಡೆದು ಆಟ ಕಲಿತ ಈತ 2009ರ ‘ಡಿಸ್ನಿ ಗಾಲ್ಫ್’ ಸರಣಿಯಲ್ಲಿ ಕೊನೆಯವರೆಗೂ ಉಳಿದು ಮೈಕ್ ಪೆರೆಜ್‌ಗೆ ಸೋತ. ಕಾರ್ಯಕ್ರಮದ ಲೆಕ್ಕದಲ್ಲಿ ಈತ ಸೋತವನೇ. 2016ರಲ್ಲಿ ಪೋರ್ಟೊರಿಕೊ ಓಪನ್ ಗೆದ್ದ. ಮುಂದಿನ ಗೆಲುವಿಗೆ ಐದು ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು; ಎಷ್ಟೋ ಸಲ ಸಮೀಪಕ್ಕೆ ಬಂದು ತಪ್ಪಿಸಿಕೊಂಡಾಗ, ಗೆಲ್ಲುವ ಗಟ್ಟಿತನ ಈತನಲ್ಲಿಲ್ಲವೆಂಬ ಮಾತು ಬಲವಾಯಿತು. 2021ರಲ್ಲಿ ನಾರ್ದರ್ನ್ ಟ್ರಸ್ಟ್ ಪಂದ್ಯವನ್ನು ಗೆದ್ದ. 2022ರಲ್ಲಿ ಸತತ ಎರಡು ವಾರಗಳಲ್ಲಿ ಎರಡು ಪ್ರಶಸ್ತಿಗಳನ್ನು ಪಡೆದ. ಸಾಧಾರಣವಾದ ಪಂದ್ಯವೊಂದು ನಾಲ್ಕು ದಿನ, 72 ಕುಳಿಗಳ ಆಟ. ಅದೃಷ್ಟದ ಏರಿಳಿತಗಳು ಅಷ್ಟು ದೀರ್ಘವಾದ ಆಟದಲ್ಲಿ ಬಹುಮಟ್ಟಿಗೆ ಸರಿದೂಗುತ್ತವೆ. ಒಂದು ಗಾಜಿನ ಹಲಗೆಗೆ ಅಂಥ ತಾಳ್ಮೆಯಿಲ್ಲ. ಒಂದೇ ಹೊಡೆತದಿಂದ ಆ ಹೊಡೆತದ ಗುಣವನ್ನು ಹೇಳಬಹುದೇ ಹೊರತು ಹೊಡೆದವನ ಗುಣವನ್ನಲ್ಲ.

ಎರಡನೆಯ ಎಳೆಯಾದ ಶೀಲವಿಚಾರ ಇನ್ನೂ ತೊಡಕಿನದು. ರಂಗದ ಮೇಲಿನ ನಟನನ್ನು ನೋಡಿ ‘ಈತನೇ ರಾಮ’ ಎಂದುಕೊಳ್ಳುವ ಪ್ರೇಕ್ಷಕನ ಪ್ರತೀತಿ ಯಾವ ಬಗೆಯದೆಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಎತ್ತಿದ್ದಾರೆ. ಅಭಿನವಗುಪ್ತನ ‘ಅಭಿನವಭಾರತಿ’ಯಿಂದ ನಮಗೆ ತಿಳಿದುಬರುವ ಶ್ರೀಶಂಕುಕನ ಮತದಂತೆ ಅದು ನಿಜವಾದ ಜ್ಞಾನವಲ್ಲ, ಸುಳ್ಳು ಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯವೂ ಅಲ್ಲ, ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಂಥ ವಿಲಕ್ಷಣವಾದ ಪ್ರತೀತಿ. ನಾಟಕದ ಪ್ರೇಕ್ಷಕನು ರಾವಣನನ್ನು ಹಳಿದರೂ ರಾವಣನ ವೇಷ ಹಾಕಿದವನನ್ನು ಹಳಿಯುವುದಿಲ್ಲ. ಚಿತ್ರದ ಕುದುರೆ ಹುಲ್ಲು ತಿನ್ನುವುದಿಲ್ಲವೆಂಬುದು ಅವನಿಗೆ ಗೊತ್ತು.

‘ಬಿಗ್ ಬ್ರೇಕ್’ ಬಗೆಯ ಕಾರ್ಯಕ್ರಮ ಈ ನ್ಯಾಯವನ್ನು ತಲೆಕೆಳಗು ಮಾಡುತ್ತದೆ. ಇಲ್ಲಿರುವುದು ನಿಜವಾದ ಕುದುರೆಯೇ. ಆದರೆ ಅದರ ಮೈಗೆ ಬಣ್ಣ ಬಳಿದಿದ್ದಾರೆ. ಸ್ಪರ್ಧಿ ತನ್ನ ಹೆಸರಿನಿಂದಲೇ ಬರುತ್ತಾನೆ, ತನ್ನ ಮಾತನ್ನೇ ಆಡುತ್ತಾನೆ. ಆದರೆ ದಿನವಿಡೀ ಚಿತ್ರೀಕರಿಸಿದ್ದನ್ನು ಕತ್ತರಿಸಿ ಒಂದು ಕಂತಿನ ಅಳತೆಗೆ ತರುವಾಗ, ಹತ್ತು ಮೃದುವಾದ ಮಾತುಗಳು ಹೋಗಿ ಒಂದು ಬಿರುಸಾದ ಮಾತು ಉಳಿಯಬಹುದು. ಆಟದ ನಡುನಡುವೆ ಸ್ಪರ್ಧಿ ಕ್ಯಾಮೆರಾದ ಮುಂದೆ ಒಬ್ಬನೇ ಕುಳಿತು ಆಡಿದ ಮಾತನ್ನು ಸೇರಿಸಿ, ಎದುರಾಳಿ ತಪ್ಪಿದ ಹೊಡೆತದ ಪಕ್ಕಕ್ಕೆ ಅದನ್ನು ಜೋಡಿಸಿದರೆ ಹೊಟ್ಟೆಕಿಚ್ಚಿನ ಚಿತ್ರ ತಾನಾಗಿ ಮೂಡುತ್ತದೆ. ಹೀಗೆ ಒಬ್ಬನು ಖಳ, ಒಬ್ಬಳು ಮುಗ್ಧೆ, ಒಬ್ಬನು ವಿದೂಷಕ ಆಗುತ್ತಾರೆ. ನಾಟಕದಲ್ಲಿ ವೇಷ ಕಳಚಿದೊಡನೆ ನಟನು ಪಾತ್ರದಿಂದ ಮುಕ್ತನಾಗುತ್ತಾನೆ. ಇಲ್ಲಿ ಪಾತ್ರದ ಹೆಸರೂ ವ್ಯಕ್ತಿಯ ಹೆಸರೂ ಒಂದೇ ಆದುದರಿಂದ ಕಳಚಲು ವೇಷವೇ ಇಲ್ಲ. ಪ್ರೇಕ್ಷಕರು ಪಾತ್ರಕ್ಕೆ ಆಡಿದ ಬಿರುನುಡಿ ವ್ಯಕ್ತಿಗೇ ಹೋಗಿ ತಾಗುತ್ತದೆ.

ಹಾಗಾದರೆ ಆಟಗಾರನ ನಡತೆಯನ್ನು ಕುರಿತು ಮಾತನಾಡಲೇಬಾರದೇ? ಗಾಲ್ಫ್ ವಿಷಯದಲ್ಲಿ ಹಾಗೆನ್ನುವುದು ಕಷ್ಟ. ಬಹುಪಾಲು ಆಟಗಳಲ್ಲಿ ತಪ್ಪನ್ನು ಹಿಡಿಯುವವನು ತೀರ್ಪುಗಾರ; ಗಾಲ್ಫಿನಲ್ಲಿ ತನ್ನ ತಪ್ಪನ್ನು ತಾನೇ ಹೇಳಿ ದಂಡದ ಹೊಡೆತವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಆಟಗಾರನ ಕರ್ತವ್ಯ. ಎದುರಾಳಿ ಚೆಂಡಿಗೆ ಗುರಿಯಿಡುವಾಗ ಮೌನವಾಗಿರುವುದೂ ಆಟದ ಅಂಗವೇ. ಈ ಕುರಿತು ಪ್ರೇಕ್ಷಕನು ಕಟುವಾಗಿ ಮಾತನಾಡಿದರೂ ಅದು ಆಟದ ವಿಮರ್ಶೆಯೇ. ಊಟದ ಮೇಜಿನ ಬಳಿ ಒಬ್ಬಳು ಮುಖ ಗಂಟಿಕ್ಕಿದ್ದನ್ನು ಹಿಡಿದು ಆಕೆಯ ಕುಲಶೀಲಗಳನ್ನು ನಿರ್ಣಯಿಸುವುದು ಮಾತ್ರ ಬೇರೆಯ ವಿಷಯ. ಕ್ಷೇಮೇಂದ್ರನು ಕಾವ್ಯದ ಜೀವವೆಂದು ಹೇಳಿದ ಔಚಿತ್ಯ ವಿಮರ್ಶೆಗೂ ಬೇಕು: ಯಾವುದು ತೀರ್ಪಿಗೆ ತಕ್ಕ ವಸ್ತು, ಯಾವುದು ಅಲ್ಲ ಎಂಬ ವಿವೇಕವೇ ವಿಮರ್ಶಕನ ಔಚಿತ್ಯ.

ಮುಂಬಯಿಯಲ್ಲಿ ನೆಲೆಸಿದ ನಮ್ಮವರು ತಾಳಮದ್ದಳೆಯ ಕೂಟಗಳಲ್ಲಿ ಈ ವಿವೇಕವನ್ನು ಸಹಜವಾಗಿಯೇ ತೋರಿಸುತ್ತ ಬಂದಿದ್ದಾರೆ. ಕೌರವನ ಅರ್ಥ ಹೇಳುವವರನ್ನು ಅವರ ವಾದದ ಬಲಾಬಲಗಳಿಂದ ಅಳೆಯುತ್ತೇವೆ. ಅವರ ಮಾತಿನ ಕಾಠಿಣ್ಯವನ್ನು ಅವರ ಮನೆಯವರೆಗೆ ಹೊತ್ತೊಯ್ಯುವುದಿಲ್ಲ. ಪಾತ್ರಕ್ಕೂ ಪಾತ್ರಧಾರಿಗೂ ನಡುವೆ ಒಂದು ತೆಳುವಾದ ಗೆರೆಯಿದೆಯೆಂಬುದನ್ನು ಆ ಕಲೆಯ ಸಂಪ್ರದಾಯವೇ ಕಲಿಸಿದೆ. ದೂರದರ್ಶನದ ಸ್ಪರ್ಧೆ ಆ ಗೆರೆಯನ್ನು ಅಳಿಸಿಹಾಕುತ್ತದೆ. ಅದನ್ನು ಮತ್ತೆ ಎಳೆದುಕೊಳ್ಳುವ ಹೊಣೆ ಪ್ರೇಕ್ಷಕನ ಮೇಲೆ ಬೀಳುತ್ತದೆ.

‘ಬಿಗ್ ಬ್ರೇಕ್’ ಅಭಿಮಾನಿಗಳಲ್ಲಿ ಈ ಹೊಣೆಯನ್ನು ಹೊತ್ತವರೂ ಇದ್ದರೆಂಬುದಕ್ಕೆ ಮೂರನೆಯ ಎಳೆಯೇ ಸಾಕ್ಷಿ. ಪ್ರಸಾರಕ್ಕೆ ಬಹಳ ಮುಂಚೆಯೇ ಚಿತ್ರೀಕರಣ ಮುಗಿದಿದೆ, ತಾವು ನೋಡುತ್ತಿರುವುದು ಆಗಿಹೋದುದರ ಕಥನ ಎಂಬುದನ್ನು ಬಲ್ಲವರು, ಕಥನಕಾರನ ಕೈಯನ್ನು ಹುಡುಕುತ್ತಿದ್ದರು. ಇದನ್ನು ಸಂಶಯಬುದ್ಧಿಯೆಂದು ತಳ್ಳಿಹಾಕಲಾಗದು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಗುರುತಿಸಿ ಲಿಪಿಕಾರನ ಕೈವಾಡವನ್ನು ಬೇರ್ಪಡಿಸುವ ವಿದ್ವಾಂಸನ ಬುದ್ಧಿಯೂ ಇದೇ. ನನ್ನ ಅಭಿಪ್ರಾಯದಲ್ಲಿ ಆ ಚರ್ಚೆಯ ಅತ್ಯುತ್ತಮ ಭಾಗವಿದು.

ಸ್ಪರ್ಧಿಗಳು ತಾವಾಗಿಯೇ ಒಪ್ಪಿ ಬಂದವರು, ಹೆಸರನ್ನು ಬಯಸಿ ಬಂದವರು ನಿಂದೆಯನ್ನೂ ಸಹಿಸಬೇಕು ಎಂಬ ಆಕ್ಷೇಪವನ್ನು ತರಬಹುದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅವರು ಪರೀಕ್ಷೆಗೆ ಒಡ್ಡಿದ್ದು ತಮ್ಮ ಆಟವನ್ನು. ಅವರ ಒಪ್ಪಿಗೆ ಅವರಿಗೆ ಸಂಬಂಧಿಸಿದ್ದು. ನಮ್ಮ ಮಾತಿನ ಸರಿತಪ್ಪುಗಳು ನಮಗೆ ಸಂಬಂಧಿಸಿದುವು.

ಈ ವಿಚಾರ ನನ್ನನ್ನು ಕಾಡಲು ಒಂದು ಸ್ವಂತ ಕಾರಣವೂ ಇದೆ. ಬ್ಯಾಂಕಿನ ಕೆಲಸದಲ್ಲಿ ಬಡ್ತಿಯ ಸಂದರ್ಶನ ಮಂಡಲಿಯಲ್ಲಿ ಕುಳಿತುಕೊಳ್ಳುವ ಸಂದರ್ಭ ಬಂದಿತ್ತು. ಪ್ರಶ್ನೆಯೊಂದಕ್ಕೆ ತಡವರಿಸಿ ಸುಮ್ಮನಾದ ಗುಮಾಸ್ತರೊಬ್ಬರ ಹೆಸರಿನ ಮುಂದೆ ‘ಆತ್ಮವಿಶ್ವಾಸ ಸಾಲದು’ ಎಂದು ನಾನೇ ಬರೆದೆ. ಹದಿನೈದು ನಿಮಿಷಗಳಲ್ಲಿ ಕಂಡದ್ದು ಅಷ್ಟೇ. ಕೆಲವು ವರ್ಷಗಳ ಮೇಲೆ ಅವರು ತೊಡಕಿನ ಶಾಖೆಯೊಂದನ್ನು ಸದ್ದಿಲ್ಲದೆ ಸರಿಪಡಿಸಿದ್ದನ್ನು ನೋಡಿದಾಗ, ಅವರ ಮೌನವನ್ನು ನಾನು ತಪ್ಪಾಗಿ ಓದಿದ್ದೆನೆಂದು ತಿಳಿಯಿತು. ಆ ಬರಹವನ್ನು ಅಳಿಸುವ ಉಪಾಯವಿರಲಿಲ್ಲ.

ಕಾಲ ಕೊಟ್ಟ ತೀರ್ಪುಗಳ ಇನ್ನೆರಡು ನಿದರ್ಶನಗಳನ್ನು ಹೇಳಿ ಮುಗಿಸುತ್ತೇನೆ. 2009ರ ಪ್ರಿನ್ಸ್ ಎಡ್ವರ್ಡ್ ಐಲೆಂಡ್ ಸರಣಿಯಲ್ಲಿ ಆಡಿದ್ದ ಜೆರೀನಾ ಪಿಲ್ಲರ್, 2015ರಲ್ಲಿ ಜರ್ಮನಿಯಲ್ಲಿ ನಡೆದ ಸೋಲ್ಹೈಮ್ ಕಪ್ಪಿನ ಕೊನೆಯ ಕುಳಿಯಲ್ಲಿ ಹತ್ತು ಅಡಿಗಳಷ್ಟು ದೂರದ ಚೆಂಡನ್ನು ಗುರಿ ಸೇರಿಸಿ, ಅಮೆರಿಕ ತಂಡದ ಆಸೆಯನ್ನು ಉಳಿಸಿದಳು; ತಂಡ ಒಂದು ಅಂಕ ಹೆಚ್ಚು ಗಳಿಸಿ, 14½ರಿಂದ ಕಪ್ಪನ್ನು ತನ್ನದಾಗಿಸಿಕೊಂಡಿತು. 2010ರ ಸರಣಿಯಲ್ಲಿ ಆಡಿದ್ದ ರಯಾನ್ ಓ’ಟೂಲ್, ಎಲ್.ಪಿ.ಜಿ.ಎ. ಮಾಲೆಯಲ್ಲಿ ಇನ್ನೂರಕ್ಕೂ ಮಿಕ್ಕಿದ ಪಂದ್ಯಗಳನ್ನು ಆಡಿದ ಮೇಲೆ 2021ರಲ್ಲಿ ಸ್ಕಾಟಿಷ್ ಓಪನ್ ಗೆದ್ದಳು. ಅಷ್ಟು ಸಲ ಗೆಲ್ಲದೆಯೂ ಆಡಲು ಹೋದವಳ ಶೀಲವನ್ನು ಯಾವ ಕಂತಿನಲ್ಲಿ ತೋರಿಸಲು ಸಾಧ್ಯವಿತ್ತು?

ನಮ್ಮ ಮನೆಗಳಲ್ಲಿಯೂ ಹಾಡು, ಕುಣಿತ, ಸಹವಾಸಗಳ ಸ್ಪರ್ಧೆಗಳನ್ನು ನಿತ್ಯ ನೋಡುತ್ತೇವೆ. ಸಂಘದ ಸಭೆ ಮುಗಿದ ಮೇಲೆ ಕಾಫಿಯ ಹೊತ್ತಿನಲ್ಲಿ ಅವುಗಳ ಮಾತು ಬರುವುದೂ ಉಂಟು. ಆ ಮಾತು ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಅದಿಲ್ಲದೆ ಪ್ರೇಕ್ಷಕನು ಸಹೃದಯನಾಗಲಾರ. ಹಾಡನ್ನು ಕುರಿತು ಕಟ್ಟುನಿಟ್ಟಾಗಿಯೇ ಮಾತನಾಡೋಣ. ಕಾರ್ಯಕ್ರಮವನ್ನು ಕಟ್ಟಿದವರ ಕೈಯನ್ನು ಎಚ್ಚರದಿಂದ ನೋಡೋಣ. ಹಾಡಿದ ಮಗುವಿನ ಗುಣವನ್ನು ಕುರಿತ ತೀರ್ಪನ್ನು ಮಾತ್ರ ಅದನ್ನು ಹತ್ತಿರದಿಂದ ಬಲ್ಲವರಿಗೆ ಬಿಡೋಣ.