ಕಾಣದ ತೂತಿನೊಳಗಿನ ಹಿಡಿತ

ಗಣಿಯ ಆಳದಲ್ಲಿ ಅದಿರು ತೆಗೆದ ಮೇಲೆ ಉಳಿಯುವ ದೊಡ್ಡ ಪೊಳ್ಳಿಗೆ ಸ್ಟೋಪ್ ಎನ್ನುತ್ತಾರೆ. ಅದರ ಗೋಡೆ, ಚಾವಣಿಗಳಲ್ಲಿ ಹತ್ತು ಹದಿನೈದು ಮೀಟರ್ ತೂತು ಕೊರೆದು, ಏಳು ಎಳೆ ಹೊಸೆದ 15.2 ಮಿ.ಮೀ. ದಪ್ಪದ ಉಕ್ಕಿನ ಹಗ್ಗ ತೂರಿಸಿ, ಸಿಮೆಂಟ್ ಗ್ರೌಟ್ ತುಂಬಿದರೆ ಅದು ಕೇಬಲ್ ಬೋಲ್ಟ್. ಹಗ್ಗ ಕಡಿಯಬೇಕಾದರೆ ಸುಮಾರು 25 ಟನ್ ಜಗ್ಗಬೇಕು. ಎಷ್ಟು ಹಗ್ಗ, ಎಷ್ಟು ಉದ್ದ ಎಂದು ತೀರ್ಮಾನಿಸಲು ವಿನ್ಯಾಸಕಾರರು ಇವತ್ತಿಗೂ ತೆರೆಯುವುದು ಕೆನಡಾದಲ್ಲಿ ಬೆಳೆದ ‘ಸ್ಟೆಬಿಲಿಟಿ ಗ್ರಾಫ್’ ಅನ್ನು.

ಮ್ಯಾಥ್ಯೂಸ್ ಮತ್ತು ಜೊತೆಗಾರರು 1980ರ ಸುಮಾರಿಗೆ ಹಾಕಿದ ಈ ನಕ್ಷೆಯನ್ನು ಪೊಟ್ವಿನ್ 1988ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ತಿದ್ದಿ ಹಿಗ್ಗಿಸಿದರು. ಒಂದು ಬದಿಗೆ ಬಂಡೆಯ ಗುಣ. ಇನ್ನೊಂದು ಬದಿಗೆ ಗೋಡೆಯ ವಿಸ್ತೀರ್ಣವನ್ನು ಸುತ್ತಳತೆಯಿಂದ ಭಾಗಿಸಿದ ಅಳತೆ. 20 ಮೀಟರ್ ಅಗಲ, 30 ಮೀಟರ್ ಎತ್ತರದ ಗೋಡೆಗೆ ಅದು 6 ಮೀಟರ್. ಎರಡೂ ಕೂಡುವ ಬಿಂದು ನಕ್ಷೆಯಲ್ಲಿ ಎಲ್ಲಿ ಬಿತ್ತು ಎನ್ನುವುದರ ಮೇಲೆ ಗೋಡೆ ತಾನಾಗಿ ನಿಲ್ಲುತ್ತದೆಯೋ, ಕೇಬಲ್ ಬೇಕೋ, ಕೇಬಲ್ ಹಾಕಿದರೂ ಕುಸಿಯುತ್ತದೆಯೋ ತಿಳಿಯುತ್ತದೆ. ಕೆನಡಾದ ಗಣಿಗಳ 350ಕ್ಕೂ ಹೆಚ್ಚು ಪ್ರಸಂಗಗಳು ಇದರ ಬೆನ್ನಿಗಿವೆ. ನಿಜವಾಗಿ ನಿಂತ, ನಿಜವಾಗಿ ಬಿದ್ದ ಗೋಡೆಗಳಿಂದ ಹುಟ್ಟಿದ್ದೇ ಇದರ ದೊಡ್ಡ ಗುಣ. ನನಗೆ ಇದರ ಮೇಲೆ ಗೌರವವಿದೆ.

ಆದರೆ ಒಂದು ಚದರ ಮೀಟರಿಗೆ ಎಷ್ಟು ಕೇಬಲ್ ಎಂದು ಹೇಳುವ ಈ ನಕ್ಷೆ, ಆ ಕೇಬಲ್ ಬಂಡೆಯನ್ನು ಹಿಡಿದಿದೆಯೇ ಎಂದು ಕೇಳುವುದೇ ಇಲ್ಲ. ನನ್ನ ತಕರಾರು ಇಲ್ಲಿದೆ. ಕುಸಿದ ಚಾವಣಿಗಳಲ್ಲಿ ಹಗ್ಗ ತುಂಡಾಗದೆ, ಮೈಮೇಲೆ ಒಂದು ಚೂರು ಸಿಮೆಂಟೂ ಇಲ್ಲದೆ ಬೋಳಾಗಿ ಜೋತಾಡುವುದುಂಟು. ಉಕ್ಕು ಸೋತಿರುವುದಿಲ್ಲ, ಹಿಡಿತ ಸೋತಿರುತ್ತದೆ.

ಹಿಡಿತ ನಿಂತಿರುವುದು ನೀರಿನ ಪ್ರಮಾಣದ ಮೇಲೆ. ಸಿಮೆಂಟಿನ ತೂಕಕ್ಕೆ 0.35 ಪಾಲು ನೀರು ಸೇರಿಸಿ ಮುಷ್ಟಿಯಲ್ಲಿ ಹಿಸುಕಿದರೆ ಗ್ರೌಟ್ ಬೆರಳುಗಳ ಸಂದಿಯಿಂದ ಚಕ್ಕುಲಿ ಹಿಟ್ಟಿನಂತೆ ಎಳೆಯಾಗಿ ಬಂದು ನಿಧಾನಕ್ಕೆ ಬಾಗುತ್ತದೆ. 0.4ಕ್ಕೆ ಆ ಎಳೆ ನಿಲ್ಲುವುದಿಲ್ಲ. 0.5 ಆದರೆ ಕೈಯಿಂದ ತೊಟ್ಟಿಕ್ಕುತ್ತದೆ. ಪಂಪು ಕಟ್ಟಿಕೊಳ್ಳುತ್ತದೆಂದು ಪಾಳಿಯವರು ಒಂದು ಚೊಂಬು ನೀರು ಹೆಚ್ಚಿಗೆ ಸುರಿದರೆ, ಮೇಲ್ಮುಖದ ತೂತಿನಲ್ಲಿ ಸಿಮೆಂಟ್ ಕೆಳಗೆ ಕೂತು ನೀರು ತುದಿಗೆ ಸೇರುತ್ತದೆ. ಹಗ್ಗಕ್ಕೆ ಗಟ್ಟಿ ಆಸರೆ ಬೇಕಿದ್ದ ಆ ತುದಿಯಲ್ಲೇ ಟೊಳ್ಳು ಉಳಿಯುತ್ತದೆ.

ಗ್ರೌಟ್ ಚೆನ್ನಾಗಿದ್ದರೂ ಸಾಲದು. ನುಣುಪಾದ ಹಗ್ಗವನ್ನು ಹಿಡಿದಿಡುವುದು ಸುತ್ತಲಿನ ಬಂಡೆಯ ಒತ್ತಡ. ಪಕ್ಕದ ಸ್ಟೋಪ್ ಸಿಡಿಸಿದಾಗ ಆ ಒತ್ತಡ ಸಡಿಲವಾದರೆ, ನಿನ್ನೆ ಬಿಗಿಯಾಗಿದ್ದ ಹಗ್ಗ ಇವತ್ತು ಜಾರುತ್ತದೆ. ಅಲ್ಲಲ್ಲಿ ಎಳೆ ಉಬ್ಬಿಸಿದ ಹಗ್ಗಗಳು, ತೂತಿನ ಬಾಯಿಗೆ ಬಿಗಿಯುವ ತಗಡುಗಳು ಬಂದದ್ದು ಬಹುಮಟ್ಟಿಗೆ ಇದೇ ಕಾರಣಕ್ಕೆ. 1996ರಲ್ಲಿ ಹಚಿನ್ಸನ್ ಮತ್ತು ಡೀಡರಿಕ್ಸ್ ಬರೆದ ಕೇಬಲ್ ಬೋಲ್ಟಿಂಗ್ ಕೈಪಿಡಿ ವಿನ್ಯಾಸ, ಅಳವಡಿಕೆ, ಪರಿಶೀಲನೆ ಮೂರನ್ನೂ ಒಂದೇ ಚಕ್ರವಾಗಿ ಕಂಡಿತು. ನಕ್ಷೆಗಿಂತ ಆ ಕೈಪಿಡಿಯೇ ನನಗೆ ಹೆಚ್ಚು ಬೆಲೆಯುಳ್ಳದ್ದು.

ಕೋಲಾರದ ಚಿನ್ನದ ಗಣಿಗಳಲ್ಲಿ ಪೊಳ್ಳುಗಳಿಗೆ ಗ್ರಾನೈಟ್ ಗೋಡೆ ಕಟ್ಟಿ ಆಸರೆ ಕೊಡುತ್ತಿದ್ದರು. ಆ ಗೋಡೆ ಬಿರಿದರೆ ದೀಪದ ಬೆಳಕಿನಲ್ಲಿ ಕಾಣುತ್ತಿತ್ತು. ಕೇಬಲ್ಲಿನ ದೋಷಕ್ಕೆ ಆ ಸೌಲಭ್ಯವಿಲ್ಲ. ಹಾಗಾಗಿ ಪ್ರತಿ ವಿನ್ಯಾಸದ ಹಾಳೆಯಲ್ಲೂ ಇನ್ನೊಂದು ಅಂಕಣ ಇರಲೇಬೇಕೆಂದು ನನ್ನ ಒತ್ತಾಯ: ಈ ತೂತಿಗೆ ಎಷ್ಟು ಲೀಟರ್ ಹೋಯಿತು? 57 ಮಿ.ಮೀ. ಅಗಲ, 15 ಮೀಟರ್ ಉದ್ದದ ತೂತಿಗೆ ಒಂದು ಹಗ್ಗ ಬಿಟ್ಟು ಸುಮಾರು 36 ಲೀಟರ್ ಹಿಡಿಯಬೇಕು. 25ಕ್ಕೇ ನಿಂತರೆ ಒಳಗೆ ಟೊಳ್ಳಿದೆ. 60 ಕುಡಿದರೆ, ವಿನ್ಯಾಸಕಾರರು ಗುರುತಿಸದ ಬಿರುಕೊಂದು ಆ ಬಂಡೆಯಲ್ಲಿದೆ.