ಬಿಟ್ಟೇಳಲು ಬಿಡುವ ಆಟಗಳು

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎನ್ನುತ್ತಾರೆ. ಕಂಪ್ಯೂಟರ್, ಮೊಬೈಲುಗಳ ಆಟಗಳಲ್ಲಿ ಮಾತ್ರ ಪುಕ್ಕಟೆ ಎಂದು ಕೂಗಿ ಕರೆಯುವವಕ್ಕೇ ಹೆಚ್ಚು ಬೆಲೆ ತೆರಬೇಕಾಗುತ್ತದೆ. ನಡುನಡುವೆ ಜಾಹೀರಾತು, ಸೋತರೆ 'ಇಷ್ಟು ಹೊತ್ತು ಕಾಯಿರಿ, ಇಲ್ಲವೇ ಹಣ ಕೊಡಿ' ಎಂಬ ತಾಕೀತು, ಒಂದು ದಿನ ತಪ್ಪಿಸಿದರೆ 'ನಿನ್ನೆ ಯಾಕೆ ಬರಲಿಲ್ಲ?' ಎಂಬ ವಿಚಾರಣೆ. ಅತ್ತೆಮನೆಯಲ್ಲೂ ಇಷ್ಟು ಲೆಕ್ಕ ಕೇಳುವುದಿಲ್ಲ!

'ಈ ವಯಸ್ಸಿನಲ್ಲಿ ಆಟವೇ?' ಎನ್ನುವವರಿಗೆ ನನ್ನದೊಂದೇ ಉತ್ತರ. ನಮ್ಮ ಅಜ್ಜಿಯರು ಮಧ್ಯಾಹ್ನದ ಕೆಲಸ ಮುಗಿಸಿ ಚೌಕಾಬಾರ, ಅಳಗುಳಿಮನೆ ಆಡಲಿಲ್ಲವೇ? ಕರೆ ಬಂದರೆ ಕವಡೆ ಸೆರಗಿಗೆ ಕಟ್ಟಿ ಏಳುತ್ತಿದ್ದರು. ಹೆಂಗಸರಿಗೆ ಸಿಗುವ ಬಿಡುವು ಇಡಿಯಾಗಿ ಸಿಗುವುದಿಲ್ಲ, ಚೂರುಚೂರಾಗಿ ಸಿಗುತ್ತದೆ. ಆದ್ದರಿಂದ ನನ್ನ ಅಳತೆಗೋಲು ಇಷ್ಟೆ: ಕುಕ್ಕರ್ ಕೂಗಿದೊಡನೆ ಬಿಟ್ಟೇಳಲು ಆಟ ಬಿಡಬೇಕು. ಈ ಅಳತೆಗೆ ನಿಂತ ಮೂರನ್ನು ಹೇಳುತ್ತೇನೆ.

ಮೊದಲನೆಯದು ಇಂಗ್ಲೆಂಡಿನ ಸೈಮನ್ ಟೇಥಮ್ ಅವರ ಒಗಟುಗಳ ಸಂಗ್ರಹ. ಸುಮಾರು ನಲವತ್ತು ಚಿಕ್ಕ ಒಗಟುಗಳಿವೆ. ಹಣವಿಲ್ಲ, ಜಾಹೀರಾತಿಲ್ಲ. ಹಳೆಯ ಗಣಿಯಾಟದಲ್ಲಿ ಕೆಲವೊಮ್ಮೆ ಕಣ್ಣುಮುಚ್ಚಿ ಊಹಿಸಲೇಬೇಕಿತ್ತು. ಇಲ್ಲಿನ 'ಮೈನ್ಸ್' ಊಹೆಯಿಲ್ಲದೆ, ಬರೀ ತರ್ಕದಿಂದ ಬಿಡಿಸುವಂತೆ ಹೆಣೆದದ್ದು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆಯಲೂಬಹುದು. ಕೊರತೆಯೆಂದರೆ, ಬಣ್ಣ ಬೆಡಗು ಏನೂ ಇಲ್ಲ. ಗಣಿತದ ನೋಟ್‌ಬುಕ್ಕಿನಂತೆ ಸಪ್ಪೆ ಮುಖ. ಎರಡು ದಿನ ತಾಳ್ಮೆ ಬೇಕು.

ಎರಡನೆಯದು ಫ್ರೀಸೆಲ್. ಇಸ್ಪೀಟು ಎಂದು ಮೂಗು ಮುರಿಯಬೇಡಿ. ಇಲ್ಲಿ ಪಣವಿಲ್ಲ, ಎದುರಾಳಿಯೂ ಇಲ್ಲ. ಎಲ್ಲ ಎಲೆಗಳೂ ಮೊದಲಿನಿಂದಲೇ ಮುಖ ಮೇಲಾಗಿ ಕಾಣುತ್ತವೆ. ಹಳೆಯ ವಿಂಡೋಸ್‌ನ ಫ್ರೀಸೆಲ್‌ನಲ್ಲಿ 32,000 ಹಂಚಿಕೆಗಳಿದ್ದವು. 11982ನೆಯದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬಿಡಿಸಬಹುದು. ಸೋತದ್ದಕ್ಕೆಲ್ಲ ಹಣೆಬರಹವನ್ನು ದೂರಿ ಬೆಳೆದ ನಮಗೆ ಇದು ಒಳ್ಳೆಯ ಪಾಠ: ಬಹುಪಾಲು ಸೋಲು ಅವಸರದ್ದೇ. ಲಿನಕ್ಸ್ ಕಂಪ್ಯೂಟರುಗಳಿಗೆ ಸಿಗುವ ಐಲ್‌ರಯಟ್ ಎಂಬ ಇಸ್ಪೀಟಾಟಗಳ ಕಟ್ಟಿನಲ್ಲಿ ಫ್ರೀಸೆಲ್ ಜಾಹೀರಾತಿಲ್ಲದೆ ಇದೆ.

ಮೂರನೆಯದು ಚದುರಂಗದ ತಾಣ ಲಿಚೆಸ್. ಫ್ರಾನ್ಸಿನ ತಿಬೋ ಡ್ಯುಪ್ಲೆಸಿ 2010ರಲ್ಲಿ ಆರಂಭಿಸಿದ್ದು. ಜನರ ದೇಣಿಗೆಯಿಂದ ನಡೆಯುತ್ತದೆ. ದೇಣಿಗೆ ಕೊಟ್ಟವರಿಗೂ ಕೊಡದವರಿಗೂ ಸೌಲಭ್ಯ ಒಂದೇ. ಇಲ್ಲಿ ಒಂದು ಎಚ್ಚರಿಕೆ. ನಿಮಿಷದಲ್ಲಿ ಮುಗಿಯುವ ಓಟದಾಟಗಳೂ ಅಲ್ಲಿವೆ. ಒಂದು ಮುಗಿದರೆ ಇನ್ನೊಂದು ಎಂದು ಕೈ ಹಿಡಿದು ಕೂರಿಸುತ್ತವೆ. ಅವು ನನ್ನ ಅಳತೆಗೋಲಿಗೆ ನಿಲ್ಲುವುದಿಲ್ಲ. ಒಂದೊಂದು ನಡೆಗೂ ದಿನಗಟ್ಟಲೆ ಅವಧಿಯಿರುವ ಆಟ ಇದೆ, ಅದನ್ನು ಆರಿಸಿಕೊಳ್ಳಿ. ದೂರದೂರಿನ ಮಗಳೊಡನೆ ಹಳೆಯ ಕಾಗದದ ವ್ಯವಹಾರದಂತೆ ನಿಧಾನವಾಗಿ ಆಡಬಹುದು. ಮುಂದಿನ ನಡೆಯನ್ನು ಒಗ್ಗರಣೆ ಹಾಕುತ್ತಲೂ ಯೋಚಿಸಬಹುದು.

ಇವು ಮೂರೂ ಯಾರೋ ಇಷ್ಟಪಟ್ಟು ಮಾಡಿ ಹಂಚಿದ ಆಟಗಳು. ಬೇರೆಯದನ್ನು ನೀವೇ ಹುಡುಕಿದರೂ ಆಡಿ ಎದ್ದ ಮೇಲೆ ಮನಸ್ಸನ್ನು ಕೇಳಿ ನೋಡಿ. ಹಗುರಾಗಿದ್ದರೆ ಆಟ ಒಳ್ಳೆಯದು. ಅನ್ನ ಬಡಿಸುವಾಗಲೂ 'ಬಾ, ಬಾ' ಎಂದು ಕರೆಯುತ್ತಿದ್ದರೆ, ಎಷ್ಟೇ ಪುಕ್ಕಟೆಯಾಗಿರಲಿ, ಅದನ್ನು ಮನೆಯೊಳಗೆ ಸೇರಿಸಬೇಡಿ.